ಬೆನ್ನುಹುರಿಗೆ ಪೆಟ್ಟಾದ ಮೇಲೆ ಮೂತ್ರಕೋಶದ ಆರೈಕೆ: ನಿಮಗೆ ಹೊಂದುವ ದಾರಿಯನ್ನು ಆರಿಸಿಕೊಳ್ಳುವುದು ಹೇಗೆ?

ಅಡಿಕೆ ಮರದಿಂದ ಜಾರಿ ಬಿದ್ದವರಿರಲಿ, ಬೈಕ್ ಅಪಘಾತವಾದವರಿರಲಿ, ಸಾರುವೆಯ ಮೇಲಿಂದ ಬಿದ್ದ ಗಾರೆ ಕೆಲಸದವರಿರಲಿ, ಬೆನ್ನುಹುರಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ಮೂತ್ರಕ್ಕೆ ಪೈಪ್ ಹಾಕುತ್ತಾರೆ. ಆ ಹೊತ್ತಿಗೆ ಅದೇ ಸರಿ. ಶಸ್ತ್ರಚಿಕಿತ್ಸೆ ಮುಗಿದು ವಾರಗಳ ನಂತರ ಮನೆಗೆ ಕಳುಹಿಸುವಾಗಲೂ ಆ ಪೈಪ್ ಇದ್ದೇ ಇರುತ್ತದೆ. ಇಷ್ಟು ದಿನಕ್ಕೊಮ್ಮೆ ಬದಲಾಯಿಸಿಕೊಳ್ಳಿ ಎಂಬ ಒಂದು ಸಾಲು ಡಿಸ್‌ಚಾರ್ಜ್ ಚೀಟಿಯಲ್ಲಿರುತ್ತದೆ. ಅಲ್ಲಿಂದ ಮುಂದೆ ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ಉಳಿದುಬಿಡುತ್ತದೆ. ಬೇರೆ ದಾರಿಗಳೂ ಇವೆ ಎಂದು ಯಾರೂ ಕೂರಿಸಿ ಹೇಳಿರುವುದಿಲ್ಲ.

ತುರ್ತಿನಲ್ಲಿ ಹಾಕಿದ ಪೈಪ್ ಜೀವಮಾನದ ತೀರ್ಮಾನವಾಗಬೇಕಿಲ್ಲ. ಕೆಲವರಿಗೆ ಕೊನೆಗೂ ಪೈಪೇ ಸರಿಹೊಂದಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ತಿಳಿದು ಆರಿಸಿಕೊಂಡದ್ದಾಗಿರಬೇಕು. ಆ ಆಯ್ಕೆಗೆ ಹೇಗೆ ತಯಾರಾಗುವುದು, ಏನೇನು ಪರೀಕ್ಷೆ ಮಾಡಿಸುವುದು, ಒಂದೊಂದು ದಾರಿಯಲ್ಲೂ ದಿನನಿತ್ಯ ಏನು ಮಾಡಬೇಕಾಗುತ್ತದೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇದು ಬೆನ್ನುಹುರಿಯ ಪೆಟ್ಟಿನಿಂದ ಕೈಕಾಲಿನ ಸ್ವಾಧೀನ ಕಳೆದುಕೊಂಡವರಿಗಾಗಿ. ಲಕ್ವ ಹೊಡೆದವರ ಮೂತ್ರದ ತೊಂದರೆ ಬೇರೆ ಬಗೆಯದು, ಅವರು ಇದನ್ನೇ ಅನುಸರಿಸಬಾರದು. ಕೊನೆಯ ನಿರ್ಧಾರವನ್ನು ನಿಮ್ಮ ಮೂತ್ರರೋಗ ತಜ್ಞರ ಜೊತೆ ಕುಳಿತೇ ಮಾಡಬೇಕು.

ಮೊದಲ ಹೆಜ್ಜೆ: ಒಳಗೆ ಏನಾಗಿದೆ ಎಂದು ತಿಳಿಯಿರಿ

ಮೂತ್ರಕೋಶಕ್ಕೆ ಎರಡು ಕೆಲಸ. ಒತ್ತಡ ಏರದಂತೆ ಮೂತ್ರವನ್ನು ತುಂಬಿಟ್ಟುಕೊಳ್ಳುವುದು, ಸಮಯ ಬಂದಾಗ ಪೂರ್ತಿಯಾಗಿ ಹೊರಹಾಕುವುದು. ಈ ಎರಡನ್ನೂ ನಡೆಸುವ ನರಗಳು ಬೆನ್ನುಹುರಿಯ ತುತ್ತತುದಿಯಿಂದ ಹೊರಡುತ್ತವೆ. ವೈದ್ಯರು ಅದನ್ನು ಎಸ್2ರಿಂದ ಎಸ್4 ಎನ್ನುತ್ತಾರೆ. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರವೇ ಮುಗಿದುಹೋಗುವುದರಿಂದ, ಎತ್ತರದಿಂದ ಬಿದ್ದವರಲ್ಲಿ ಸಾಮಾನ್ಯವಾಗಿ ಮುರಿಯುವ ಎದೆ ಮತ್ತು ಸೊಂಟದ ನಡುವಿನ ಮೂಳೆಗಳು ಈ ಕೇಂದ್ರದ ಪಕ್ಕದಲ್ಲೇ ಇರುತ್ತವೆ.

ಪೆಟ್ಟು ಈ ಕೇಂದ್ರಕ್ಕಿಂತ ಮೇಲೆ, ಅಂದರೆ ಕುತ್ತಿಗೆಯಲ್ಲೋ ಎದೆಯ ಮಟ್ಟದಲ್ಲೋ ಆಗಿದ್ದರೆ ಕೇಂದ್ರ ಉಳಿದಿರುತ್ತದೆ, ಮೆದುಳಿನ ಹಿಡಿತ ಮಾತ್ರ ತಪ್ಪಿರುತ್ತದೆ. ಆಗ ಮೂತ್ರಕೋಶ ಸ್ವಲ್ಪ ತುಂಬಿದರೂ ತಾನಾಗಿ ಹಿಂಡಿಕೊಳ್ಳುತ್ತದೆ. ತೊಂದರೆಯೆಂದರೆ, ಅದು ಹಿಂಡಿಕೊಳ್ಳುವ ಹೊತ್ತಿಗೇ ಕೆಳಗಿನ ಬಾಯಿಯ ಸ್ನಾಯುವೂ ಬಿಗಿಯಾಗುತ್ತದೆ. ಮೂತ್ರಕ್ಕೆ ಹೊರಗೆ ದಾರಿಯಿಲ್ಲದೆ ಒಳಗೆ ಒತ್ತಡ ಏರಿ, ಮೂತ್ರ ಕಿಡ್ನಿಯ ಕಡೆಗೆ ಹಿಮ್ಮುಖವಾಗಿ ಹರಿಯಬಹುದು. ಪೆಟ್ಟು ಆ ಕೇಂದ್ರಕ್ಕೇ ಅಥವಾ ಅದರ ಕೆಳಗಿನ ನರಗಳಿಗೆ ಆಗಿದ್ದರೆ ಮೂತ್ರಕೋಶ ಸಡಿಲವಾಗಿ ಸುಮ್ಮನೆ ತುಂಬುತ್ತಾ ಹೋಗುತ್ತದೆ. ತೀರಾ ತುಂಬಿದಾಗ ತುಳುಕುತ್ತದೆ. ಪೆಟ್ಟಾದ ಮೊದಲ ವಾರಗಳಲ್ಲಿ ಎಲ್ಲರದೂ ಸಡಿಲವಾಗಿಯೇ ಇರುತ್ತದೆ. ನಿಜವಾದ ಸ್ವಭಾವ ಕಾಣಿಸಿಕೊಳ್ಳಲು ಕೆಲವು ವಾರಗಳಿಂದ ಕೆಲವು ತಿಂಗಳು ಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಟ್ಟೆ ಒದ್ದೆಯಾಗುತ್ತಿಲ್ಲ ಎಂದಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿರುವ ಮೂತ್ರಕೋಶ ಹೊರಗೆ ಒಂದು ಹನಿಯನ್ನೂ ಬಿಡದೆ ಒಳಗೊಳಗೇ ಕಿಡ್ನಿಗಳನ್ನು ಹಾಳು ಮಾಡಬಲ್ಲದು, ನೋವೂ ತಿಳಿಯುವುದಿಲ್ಲ. ಒಂದು ಕಾಲದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಸಾವಿಗೆ ಮುಖ್ಯ ಕಾರಣವೇ ಕಿಡ್ನಿ ವೈಫಲ್ಯವಾಗಿತ್ತು. ಇಂದು ಹಾಗಿಲ್ಲದಿರುವುದಕ್ಕೆ ಮೂತ್ರಕೋಶದ ಆರೈಕೆ ಸುಧಾರಿಸಿದ್ದೇ ದೊಡ್ಡ ಕಾರಣ. ಆದ್ದರಿಂದ ಯಾವುದೇ ದಾರಿಯನ್ನು ತೂಗುವಾಗ ಮೊದಲ ಪ್ರಶ್ನೆ ಕಿಡ್ನಿಯದು, ಎರಡನೆಯದು ಒದ್ದೆಯಾಗದಿರುವುದರದು, ಮೂರನೆಯದು ಅನುಕೂಲದ್ದು.

ಎರಡನೆಯ ಹೆಜ್ಜೆ: ಪರೀಕ್ಷೆಗಳು ಮತ್ತು ಮೂರು ದಿನದ ಲೆಕ್ಕ

ಪೆಟ್ಟಾಗಿ ಮೂರು ತಿಂಗಳ ಸುಮಾರಿಗೆ ಯೂರೋಡೈನಾಮಿಕ್ಸ್ ಎಂಬ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಸಣ್ಣ ನಳಿಕೆಯಿಂದ ಮೂತ್ರಕೋಶವನ್ನು ನಿಧಾನವಾಗಿ ತುಂಬಿಸುತ್ತಾ, ಎಷ್ಟು ತುಂಬಿದಾಗ ಎಷ್ಟು ಒತ್ತಡ ಏರುತ್ತದೆ ಎಂದು ಅಳೆಯುತ್ತಾರೆ. ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟಕ್ಕಿಂತ ಮೇಲೆಯೇ ಇರುತ್ತಿದ್ದರೆ ಕಿಡ್ನಿಗೆ ಅಪಾಯ ಎಂಬುದು ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಅಳತೆ. ಈ ಒಂದು ಪರೀಕ್ಷೆಯಿಲ್ಲದೆ ಮಾಡುವ ಆಯ್ಕೆ ಬಹುಪಾಲು ಊಹೆಯೇ. ಜಿಲ್ಲಾ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಮೂತ್ರರೋಗ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಒಮ್ಮೆ ಹೋಗಿ ಬರುವುದು ಸಾರ್ಥಕ.

ಜೊತೆಗೆ ಕಿಡ್ನಿ ಮತ್ತು ಮೂತ್ರಕೋಶದ ಅಲ್ಟ್ರಾಸೌಂಡ್, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ನೋಡುತ್ತಾರೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಕಾಲಿನ ಸ್ನಾಯುಗಳು ಕರಗಿದವರಲ್ಲಿ ಕಿಡ್ನಿ ಸ್ವಲ್ಪ ಸೋತಿದ್ದರೂ ಆ ಅಂಕಿ ಸರಿಯಾಗಿಯೇ ಕಾಣಬಹುದು. ರಿಪೋರ್ಟಿನಲ್ಲಿ ನಾರ್ಮಲ್ ಎಂದು ಬಂದಿದೆ ಎಂದು ಸ್ಕ್ಯಾನಿಂಗ್ ಬಿಡಬೇಡಿ.

ಮನೆಯಲ್ಲಿ ಮಾಡಬೇಕಾದ ಪರೀಕ್ಷೆಯೊಂದಿದೆ. ಒಂದು ನೋಟ್‌ಬುಕ್, ಅಳತೆಯ ಗೆರೆಗಳಿರುವ ಒಂದು ಪ್ಲಾಸ್ಟಿಕ್ ಜಗ್. ಮೂರು ದಿನ ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಎಷ್ಟು ಮಿಲಿಲೀಟರ್ ಹೊರಬಂತು, ನಡುವೆ ಒದ್ದೆಯಾಯಿತೇ ಎಂದು ಬರೆಯಿರಿ. ಅಂಬಲಿ, ಮಜ್ಜಿಗೆ, ಎಳನೀರು, ಕಾಫಿ ಎಲ್ಲವೂ ಲೆಕ್ಕಕ್ಕೆ ಸೇರಬೇಕು. ಬರೆದ ಮೇಲೆ ಹಲವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಹಗಲಿಗಿಂತ ರಾತ್ರಿಯೇ ಹೆಚ್ಚು ಮೂತ್ರ. ಹಗಲೆಲ್ಲ ವೀಲ್‌ಚೇರಿನಲ್ಲಿ ಕುಳಿತಾಗ ಕಾಲಿನಲ್ಲಿ ಇಳಿದು ನಿಂತ ನೀರು, ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಇಂಥವರು ಸಂಜೆ ಮಲಗುವ ಮೊದಲೇ ಒಂದೆರಡು ಗಂಟೆ ಕಾಲನ್ನು ಮೇಲಕ್ಕಿಟ್ಟು ಒರಗಿಕೊಂಡರೆ ರಾತ್ರಿಯ ಕಾಟ ಎಷ್ಟೋ ಇಳಿಯುತ್ತದೆ.

ಮೂರನೆಯ ಹೆಜ್ಜೆ: ಕೈ, ಕೂರುವಿಕೆ, ಮನೆ, ಜನ

ವೈದ್ಯರು ಕೇಳದಿದ್ದರೂ ನೀವೇ ಹೇಳಬೇಕಾದ ವಿಷಯಗಳಿವು. ನಿಮ್ಮ ಬೆರಳುಗಳು ಪೆನ್ನು ಹಿಡಿಯುತ್ತವೆಯೇ? ಆಸರೆಯಿಲ್ಲದೆ ಕೂರಬಲ್ಲಿರಾ? ತೊಡೆಗಳು ಸೆಟೆದು ಒಂದಕ್ಕೊಂದು ಬಿಗಿದುಕೊಳ್ಳುತ್ತವೆಯೇ? ಪ್ಯಾಂಟನ್ನೋ ಸೀರೆಯನ್ನೋ ನೀವೇ ಸರಿಸಿಕೊಳ್ಳಬಲ್ಲಿರಾ? ಹಗಲು ಮನೆಯಲ್ಲಿ ಯಾರಿರುತ್ತಾರೆ, ಅವರು ಕೂಲಿಗೋ ಕಚೇರಿಗೋ ಹೋದ ಮೇಲೆ ಯಾರು? ಊರಿನಿಂದ ಆಸ್ಪತ್ರೆ ಎಷ್ಟು ದೂರ? ಪೈಪ್ ಬದಲಾಯಿಸಲು ಬಂದು ಹೋಗುವ ನರ್ಸ್ ಸಿಗುತ್ತಾರೆಯೇ?

ನಮ್ಮಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಆಸ್ಪತ್ರೆಯಲ್ಲಿ ಎಲ್ಲವನ್ನೂ ಹೆಂಡತಿಗೆ ಅಥವಾ ತಾಯಿಗೆ ಹೇಳಿಕೊಡುತ್ತಾರೆ. ರೋಗಿ ಮಲಗಿ ಚಾವಣಿ ನೋಡುತ್ತಿರುತ್ತಾನೆ. ಕೈ ಚೆನ್ನಾಗಿರುವ ಇಪ್ಪತ್ತೈದರ ಹುಡುಗನಿಗೆ ಅವನ ಅಮ್ಮ ದಿನಕ್ಕೆ ಐದು ಸಲ ಈ ಕೆಲಸ ಮಾಡುವುದು ಇಬ್ಬರಿಗೂ ನ್ಯಾಯವಲ್ಲ. ಕಲಿಸುವ ಮೊದಲ ದಿನವೇ "ನನ್ನ ಕೈಗೆ ಕೊಡಿ ಸಿಸ್ಟರ್, ನಾನೇ ಮಾಡುತ್ತೇನೆ" ಎಂದು ಕೇಳಿ. ಮನೆಯವರೂ ಕಲಿತಿರಲಿ, ಜ್ವರ ಬಂದ ದಿನ ಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ದಾರಿಗಳನ್ನು ಒಂದೊಂದಾಗಿ ನೋಡಿ

*ಹೊತ್ತು ಹೊತ್ತಿಗೆ ಕ್ಯಾತಿಟರ್ ಹಾಕಿ ತೆಗೆಯುವುದು*

ಕೈ ಕೆಲಸ ಮಾಡುವ ಎಲ್ಲರೂ ಮೊದಲು ಪ್ರಯತ್ನಿಸಬೇಕಾದ ದಾರಿ ಇದು ಎಂಬುದು ತಜ್ಞರ ಅಭಿಪ್ರಾಯ, ನನ್ನದೂ ಅದೇ. ಆಸ್ಪತ್ರೆಯಲ್ಲಿ ಇದನ್ನು ಸಿಐಸಿ ಎನ್ನುತ್ತಾರೆ. ತೆಳುವಾದ ನಳಿಕೆಯನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಹಾಕಿ, ಮೂತ್ರ ಪೂರ್ತಿ ಇಳಿದ ಮೇಲೆ ತೆಗೆದುಬಿಡುವುದು. ಒಳಗೆ ಯಾವ ವಸ್ತುವೂ ಉಳಿಯುವುದಿಲ್ಲ, ಮೂತ್ರಕೋಶ ಮೊದಲಿನಂತೆ ತುಂಬುತ್ತದೆ, ಖಾಲಿಯಾಗುತ್ತದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಪೆಟ್ಟಿನ ವೈದ್ಯ ಲುಡ್ವಿಗ್ ಗುಟ್‌ಮನ್ ಇದನ್ನು ಶಸ್ತ್ರಚಿಕಿತ್ಸೆಯಷ್ಟೇ ಮಡಿಯಿಂದ ಮಾಡಿಸುತ್ತಿದ್ದರು. 1972ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡಿಸ್, ಅಷ್ಟು ಬೇಡ, ಸೋಪಿನಿಂದ ತೊಳೆದ ಶುಭ್ರವಾದ ಕೈ ಸಾಕು ಎಂದು ತೋರಿಸಿದರು. ನಾಲ್ಕು ರೋಗಾಣು ಒಳಗೆ ಹೋಗುವುದಕ್ಕಿಂತ ಮೂತ್ರಕೋಶ ಉಬ್ಬಿ ಹಿಗ್ಗಿ ಕೂರುವುದೇ ಸೋಂಕಿಗೆ ಹೆಚ್ಚು ಕಾರಣ ಎಂಬುದು ಅವರ ವಾದವಾಗಿತ್ತು. ಹಳ್ಳಿಯ ಮನೆಯಲ್ಲೂ ಇದು ಸಾಧ್ಯವಾಗಿರುವುದು ಅದರಿಂದಲೇ.

ಬೇಕಾದ ಸಾಮಾನು ಸ್ವಲ್ಪವೇ: ಔಷಧಿ ಅಂಗಡಿಯಲ್ಲಿ ನೆಲಟಾನ್ ಕ್ಯಾತಿಟರ್ ಎಂದು ಕೇಳಿ. ವಯಸ್ಕರಿಗೆ ಸಾಮಾನ್ಯವಾಗಿ 12 ಅಥವಾ 14ನೇ ಸೈಜು. ಹಿಂದಿನ ತುದಿ ಬಿಳಿಯಾಗಿದ್ದರೆ 12, ಹಸಿರಾಗಿದ್ದರೆ 14. ಜೊತೆಗೆ ನಳಿಕೆ ಜಾರಲು ಹಚ್ಚುವ ಜೆಲ್ಲಿ, ಜಗ್, ಒದ್ದೆ ಬಟ್ಟೆ. ಹೆಂಗಸರಿಗೆ ಒಂದು ಸಣ್ಣ ಕನ್ನಡಿ. ಶೌಚಾಲಯಕ್ಕೆ ಹೋಗಲೇಬೇಕೆಂದಿಲ್ಲ. ಮಂಚದ ಮೇಲೆ ಒರಗಿಕೊಂಡೋ, ವೀಲ್‌ಚೇರಿನಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕುಳಿತೋ ಜಗ್ಗಿಗೆ ಬಿಡಬಹುದು.

ಕೈಯನ್ನು ಸೋಪಿನಿಂದ ಮಣಿಕಟ್ಟಿನವರೆಗೆ ತೊಳೆಯಿರಿ. ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಿ, ತುದಿಯನ್ನು ಒರೆಸಿ, ಶಿಶ್ನವನ್ನು ಹೊಟ್ಟೆಯ ಕಡೆಗೆ ನೇರವಾಗಿ ಎತ್ತಿ ಹಿಡಿಯಬೇಕು. ಹಾಗೆ ಹಿಡಿದಾಗ ಒಳಗಿನ ತಿರುವು ನೆಟ್ಟಗಾಗುತ್ತದೆ. ನಳಿಕೆಗೆ ಧಾರಾಳವಾಗಿ ಜೆಲ್ಲಿ ಹಚ್ಚಿ ನಿಧಾನಕ್ಕೆ ಒಳಗೆ ಬಿಡಿ. ಸುಮಾರು ಒಂದು ಗೇಣಿನಷ್ಟು ಹೋದ ಮೇಲೆ ಏನೋ ತಡೆದಂತಾಗುತ್ತದೆ. ಅದು ಮೂತ್ರದ ಬಾಯಿ ಕಾಯುವ ಸ್ನಾಯು. ಅಲ್ಲಿ ಒತ್ತಿ ತಳ್ಳಬೇಡಿ. ನಳಿಕೆಯನ್ನು ಅಲ್ಲಿಯೇ ಹಿಡಿದು, ನಿಧಾನವಾಗಿ ಉಸಿರಾಡುತ್ತಾ ಕಾಯಿರಿ. ಅರ್ಧ ನಿಮಿಷವೋ ಒಂದು ನಿಮಿಷವೋ ಆದ ಮೇಲೆ ಬಿಗಿ ಸಡಿಲವಾಗಿ ನಳಿಕೆ ತಾನಾಗಿ ಜಾರಿದಂತೆ ಒಳಹೋಗುತ್ತದೆ. ಜಗ್ಗಿಗೆ ಮೂತ್ರ ಬೀಳತೊಡಗಿದ ಮೇಲೂ ಇನ್ನೊಂದು ಅಂಗುಲ ಒಳಗೆ ಬಿಡಿ.

ಹರಿವು ನಿಂತಿತೆಂದು ತಕ್ಷಣ ಎಳೆದುಬಿಡುವುದು ಹೊಸಬರೆಲ್ಲ ಮಾಡುವ ಕೆಲಸ. ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ನೋಡಿ, ಮತ್ತೆ ಹರಿಯುತ್ತದೆ. ನಿಂತರೆ ಇನ್ನಷ್ಟು ಸರಿಸಿ. ತಳದಲ್ಲಿ ಉಳಿಯುವ ಆ ಕೊನೆಯ ಮೂವತ್ತು ನಲವತ್ತು ಮಿಲಿಲೀಟರಿನಲ್ಲೇ ರೋಗಾಣು ಬೆಳೆಯುವುದು, ಕಲ್ಲು ಕಟ್ಟುವುದು. ಪೂರ್ತಿ ಆದ ಮೇಲೆ ಹೊರತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಹೊರತೆಗೆಯಿರಿ. ಕೊನೆಯಲ್ಲಿ ಮುಂದೊಗಲನ್ನು ಮುಂದಕ್ಕೆ ತರಲು ಮರೆಯಬೇಡಿ. ಹಿಂದೆಯೇ ಬಿಟ್ಟರೆ ಊದಿಕೊಂಡು ತುರ್ತು ಚಿಕಿತ್ಸೆ ಬೇಕಾಗುತ್ತದೆ, ಸ್ಪರ್ಶಜ್ಞಾನ ಇಲ್ಲದಿರುವುದರಿಂದ ನಿಮಗೆ ಗೊತ್ತೂ ಆಗುವುದಿಲ್ಲ.

ಹೆಂಗಸರಲ್ಲಿ ಮೂತ್ರನಾಳ ನಾಲ್ಕು ಸೆಂಟಿಮೀಟರಿನಷ್ಟು ಮಾತ್ರ, ಆದ್ದರಿಂದ ಹಾಕುವುದು ಸುಲಭ. ಜಾಗ ಗುರುತಿಸುವುದೇ ಕಷ್ಟ. ಮುಂದಿನಿಂದ ಹಿಂದಕ್ಕೆ ಒರೆಸಿ, ಯೋನಿದ್ವಾರದ ಸ್ವಲ್ಪ ಮೇಲೆ ಕನ್ನಡಿಯಲ್ಲಿ ಹುಡುಕಿ. ನಳಿಕೆ ತಪ್ಪಿ ಯೋನಿಗೆ ಹೋದರೆ ಅದನ್ನು ಅಲ್ಲಿಯೇ ಗುರುತಿಗೆ ಬಿಟ್ಟು, ಬೇರೊಂದು ಹೊಸ ನಳಿಕೆಯಿಂದ ಅದರ ಮೇಲ್ಭಾಗದಲ್ಲಿ ಪ್ರಯತ್ನಿಸಿ. ಕೆಲವು ವಾರಗಳಲ್ಲಿ ಕನ್ನಡಿಯಿಲ್ಲದೆ ಬೆರಳಿನ ಗುರುತಿನಲ್ಲೇ ಮಾಡುವವರಿದ್ದಾರೆ. ತೊಡೆ ಸೆಟೆಯುವುದೇ ಅಡ್ಡಿಯಾಗಿದ್ದರೆ ಆ ಸೆಟೆತಕ್ಕೆ ಮೊದಲು ಚಿಕಿತ್ಸೆ ಕೇಳಿ.

ಒಂದು ಸಲಕ್ಕೆ 400ರಿಂದ 500 ಮಿಲಿಲೀಟರ್ ಮೀರಬಾರದು. ಮೀರುತ್ತಿದ್ದರೆ ಹೊತ್ತನ್ನು ಹತ್ತಿರ ಮಾಡಿಕೊಳ್ಳಿ. ಕುಡಿಯುವುದನ್ನು ದಿನಕ್ಕೆ ಒಂದೂವರೆಯಿಂದ ಎರಡು ಲೀಟರಿನ ಒಳಗೆ, ದಿನವಿಡೀ ಹಂಚಿ ಕುಡಿಯಿರಿ. ಒಮ್ಮೆಗೇ ಒಂದು ಚೊಂಬು ನೀರು ಕುಡಿದರೆ ಎರಡು ಗಂಟೆಯಲ್ಲಿ ಲೆಕ್ಕ ತಪ್ಪುತ್ತದೆ. ಆದರೆ ಯಾರದೋ ಮದುವೆಗೆ ಹೋಗಬೇಕೆಂದು ಬೆಳಗಿನಿಂದ ಬಾಯಿ ಒಣಗಿಸಿಕೊಂಡು ಕೂರುವುದು ಅದಕ್ಕಿಂತ ಕೆಟ್ಟದ್ದು. ನಮ್ಮ ಹೆಣ್ಣುಮಕ್ಕಳು ಇದನ್ನು ಬಹಳ ಮಾಡುತ್ತಾರೆ, ದಯವಿಟ್ಟು ಮಾಡಬೇಡಿ.

ಖರ್ಚಿನ ಮಾತು ಬರುತ್ತದೆ. ದಿನಕ್ಕೆ ಐದರಂತೆ ತಿಂಗಳಿಗೆ 150 ನಳಿಕೆ ಬೇಕು. ಪೊಟ್ಟಣದ ಮೇಲೆ ಒಂದೇ ಸಲ ಬಳಸಿ ಎಂದೇ ಬರೆದಿರುತ್ತದೆ, ಕೈಗೆಟುಕಿದರೆ ಹಾಗೆಯೇ ಮಾಡಿ. ಎಟುಕದವರು ಸಾದಾ ಪ್ಲಾಸ್ಟಿಕ್ ನಳಿಕೆಯನ್ನು ವೈದ್ಯರ ಒಪ್ಪಿಗೆಯಿಂದ ತೊಳೆದು ಬಳಸುವುದು ನಮ್ಮ ದೇಶದಲ್ಲಿ ರೂಢಿಯಲ್ಲಿದೆ. ಬಳಸಿದ ಕೂಡಲೇ ಒಳಗೂ ಹೊರಗೂ ಸೋಪಿನ ನೀರಿನಿಂದ ತೊಳೆದು, ಶುದ್ಧ ನೀರು ಹರಿಸಿ, ನೀರು ಜಾಡಿಸಿ, ಗಾಳಿಗೆ ಪೂರ್ತಿ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿಡಿ. ಗಡುಸಾದರೆ, ಬಿರುಕು ಬಿಟ್ಟರೆ, ಮಬ್ಬಾದರೆ ಎಸೆಯಿರಿ. ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ನೀರು ತಾಗಿದರೆ ಜಾರುವ ಲೇಪನವಿರುವ ದುಬಾರಿ ನಳಿಕೆಗಳನ್ನು ಮಾತ್ರ ತೊಳೆದು ಬಳಸಲೇಬಾರದು.

ಸಿಐಸಿ ಮಾಡುತ್ತಿದ್ದರೂ ನಡುನಡುವೆ ಸೋರುತ್ತಿದೆ, ಅಥವಾ ಯೂರೋಡೈನಾಮಿಕ್ಸ್‌ನಲ್ಲಿ ಒತ್ತಡ ಹೆಚ್ಚು ಬಂದಿದೆ ಎಂದರೆ ಸಿಐಸಿ ಸೋತಿತು ಎಂದರ್ಥವಲ್ಲ. ಮೂತ್ರಕೋಶದ ಹಿಂಡುವಿಕೆಯನ್ನು ತಗ್ಗಿಸುವ ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್, ಮಿರಾಬೆಗ್ರಾನ್ ಮುಂತಾದ ಮಾತ್ರೆಗಳಿವೆ. ಮೊದಲೆರಡರಲ್ಲಿ ಬಾಯಿ ಒಣಗುತ್ತದೆ, ಮಲಬದ್ಧತೆ ಹೆಚ್ಚುತ್ತದೆ. ಮಲ ಕಟ್ಟಿದರೆ ಮೂತ್ರಕೋಶವೂ ಕೆರಳುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು. ಮಾತ್ರೆ ಸಾಲದಿದ್ದರೆ ಮೂತ್ರಕೋಶದ ಗೋಡೆಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಔಷಧಿ ಚುಚ್ಚುತ್ತಾರೆ. ಅದರ ಪರಿಣಾಮ ಹಲವು ತಿಂಗಳು ಇರುತ್ತದೆ, ಆಮೇಲೆ ಮತ್ತೆ ಚುಚ್ಚಿಸಿಕೊಳ್ಳಬೇಕು.

*ಮೂತ್ರನಾಳದಲ್ಲೇ ಉಳಿಯುವ ಪೈಪ್*

ಫೋಲಿ ಕ್ಯಾತಿಟರ್ ಎಂದರೆ ಇದೇ. ಕೈ ಆಡದವರಿಗೆ, ಸಹಾಯಕ್ಕೆ ಜನವಿಲ್ಲದವರಿಗೆ, ಒತ್ತುಹುಣ್ಣು ಒಣಗುವವರೆಗೆ ಇದು ಬೇಕಾಗುತ್ತದೆ. ಕೆಲಸ ಕಡಿಮೆ, ಮೂತ್ರಕೋಶ ತುಂಬಿ ಉಬ್ಬುವ ಭಯವಿಲ್ಲ. ಆದರೆ ವರ್ಷಗಟ್ಟಲೆ ಇಟ್ಟುಕೊಂಡರೆ ಸೋಂಕು, ಮೂತ್ರಕೋಶದ ಕಲ್ಲು, ಗಂಡಸರಲ್ಲಿ ಶಿಶ್ನದ ಕೆಳಭಾಗ ಸೀಳಿಕೊಳ್ಳುವುದು, ಹೆಂಗಸರಲ್ಲಿ ಮೂತ್ರದ ಬಾಯಿ ಅಗಲವಾಗಿ ಪೈಪಿನ ಸುತ್ತಲೂ ಸೋರುವುದು ಬರುತ್ತದೆ. ಸೋರುತ್ತಿದೆ ಎಂದು ಇನ್ನೂ ದಪ್ಪದ ಪೈಪ್ ಹಾಕಿಸಿದರೆ ಬಾಯಿ ಮತ್ತಷ್ಟು ಅಗಲವಾಗುತ್ತದೆ.

ಬದಲಾಯಿಸುವಾಗ ಗಮನಿಸಬೇಕಾದದ್ದು, ಪೈಪ್ ಜಾರದಂತೆ ಒಳತುದಿಯಲ್ಲಿ ಉಬ್ಬಿಸುವ ಬಲೂನು. ಮೂತ್ರ ಹರಿಯುವುದನ್ನು ಕಣ್ಣಾರೆ ನೋಡಿ, ಪೈಪನ್ನು ಇನ್ನೂ ಒಳಕ್ಕೆ ಬಿಟ್ಟ ಮೇಲೆಯೇ ಬಲೂನಿಗೆ ನೀರು ತುಂಬಬೇಕು. ಬಲೂನು ಮೂತ್ರನಾಳದಲ್ಲೇ ಉಬ್ಬಿದರೆ ನಾಳ ಹರಿಯುತ್ತದೆ, ರೋಗಿಗೆ ನೋವು ತಿಳಿಯುವುದಿಲ್ಲ. ತುಂಬಬೇಕಾದದ್ದು ಸ್ಟೆರೈಲ್ ವಾಟರ್. ಸಲೈನ್ ತುಂಬಿದರೆ ಉಪ್ಪು ಹರಳುಗಟ್ಟಿ ಬಲೂನು ಇಳಿಯದೆ ಹೋಗಬಹುದು. ಲ್ಯಾಟೆಕ್ಸ್ ಪೈಪಾದರೆ ಎರಡರಿಂದ ನಾಲ್ಕು ವಾರ. ಪೂರ್ತಿ ಸಿಲಿಕಾನಿನದು ಹೆಚ್ಚೆಂದರೆ ಹನ್ನೆರಡು ವಾರ, ಪೈಪ್ ಬೇಗ ಕಟ್ಟಿಕೊಳ್ಳುವವರಿಗೆ ಅದಕ್ಕಿಂತ ಮೊದಲೇ ಬದಲಾಯಿಸಬೇಕು.

ಪೈಪನ್ನು ತೊಡೆಗೋ ಕೆಳಹೊಟ್ಟೆಗೋ ಪಟ್ಟಿಯಿಂದ ಕಟ್ಟಿ, ಜಗ್ಗದಂತೆ ನೋಡಿಕೊಳ್ಳಿ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಮಂಚದಿಂದ ವೀಲ್‌ಚೇರಿಗೆ, ವೀಲ್‌ಚೇರಿನಿಂದ ಆಟೊಗೆ ಎತ್ತಿ ಕೂರಿಸುವಾಗ ಬ್ಯಾಗನ್ನು ಹೊಟ್ಟೆಯ ಮೇಲೆ ಇಡುವ ಅಭ್ಯಾಸ ಎಲ್ಲ ಮನೆಗಳಲ್ಲೂ ಇದೆ. ಬ್ಯಾಗಿನಲ್ಲಿದ್ದ ಹಳೆಯ ಮೂತ್ರ ಆಗ ಹಿಂದಕ್ಕೆ ಹರಿಯುತ್ತದೆ. ಎತ್ತುವ ಮೊದಲೇ ಬ್ಯಾಗ್ ಖಾಲಿ ಮಾಡಿ. ಹೃದಯ, ಕಿಡ್ನಿಯ ಕಾಯಿಲೆಯಿಲ್ಲದವರು ಪೈಪ್ ಇರುವಾಗ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಕುಡಿಯುವುದು ಒಳ್ಳೆಯದು. ಮೂತ್ರಕೋಶಕ್ಕೆ ಅಭ್ಯಾಸ ಮಾಡಿಸುತ್ತೇವೆಂದು ಪೈಪನ್ನು ಗಂಟೆಗಟ್ಟಲೆ ಕಟ್ಟಿಡುವುದನ್ನು ವೈದ್ಯರು ಹೇಳದೆ ಮಾಡಬೇಡಿ. ಎದೆಯ ನಡುಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಅದು ಪ್ರಾಣಾಪಾಯ. ಕಾರಣವನ್ನು ಮುಂದೆ ಬರೆದಿದ್ದೇನೆ.

*ಕೆಳಹೊಟ್ಟೆಯಿಂದ ಹಾಕುವ ಪೈಪ್*

ಹೊಕ್ಕುಳಿಗೂ ಜನನಾಂಗಕ್ಕೂ ನಡುವೆ ಸಣ್ಣ ರಂಧ್ರ ಮಾಡಿ ಪೈಪನ್ನು ನೇರ ಮೂತ್ರಕೋಶಕ್ಕೆ ಇಳಿಸುತ್ತಾರೆ. ಹೆಸರು ಕೇಳಿ ಹೆದರುವವರೇ ಹೆಚ್ಚು. ಆದರೆ ಜೀವನಪೂರ್ತಿ ಪೈಪ್ ಬೇಕೆಂದು ಗೊತ್ತಾದವರಿಗೆ ಮೂತ್ರನಾಳದ ಪೈಪಿಗಿಂತ ಇದೇ ಮೇಲು. ಮೂತ್ರನಾಳ ಸೀಳುವುದಿಲ್ಲ, ಮಲ ತಾಗುವುದಿಲ್ಲ, ಬಟ್ಟೆ ಬಿಚ್ಚದೆ ಬದಲಾಯಿಸಬಹುದು, ಗಂಡಹೆಂಡಿರ ಸಂಬಂಧಕ್ಕೆ ಅಡ್ಡ ಬರುವುದಿಲ್ಲ. ಈ ಕೊನೆಯ ಮಾತನ್ನು ಆಸ್ಪತ್ರೆಗಳಲ್ಲಿ ಯಾರೂ ಆಡುವುದಿಲ್ಲ, ದಂಪತಿಗಳಿಗೆ ಅದು ಬೇಕಾಗಿರುತ್ತದೆ. ಕೈ ಆಡದವರಿಗೆ, ತೊಡೆ ಸೆಟೆಯುವ ಹೆಂಗಸರಿಗೆ ಇದು ದೊಡ್ಡ ಬಿಡುಗಡೆ. ಸೋಂಕು ಮತ್ತು ಕಲ್ಲಿನ ಕಾಟ ಮಾತ್ರ ಇದರಲ್ಲೂ ಇದ್ದದ್ದೇ. ಪೈಪ್ ಅಕಸ್ಮಾತ್ ಕಳಚಿದರೆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ. ಒಂದು ಹೆಚ್ಚುವರಿ ಪೈಪ್ ಮನೆಯಲ್ಲಿರಲಿ, ಕಳಚಿದ ತಕ್ಷಣ ಆಸ್ಪತ್ರೆಗೆ ಹೊರಡಿ.

*ಕಾಂಡೋಮ್ ಕ್ಯಾತಿಟರ್*

ಗಂಡಸರಿಗೆ ಮಾತ್ರ. ಮೂತ್ರಕೋಶ ತಾನಾಗಿ ಹಿಂಡಿ ಖಾಲಿಯಾಗುವವರು ಹೊರಗಿನಿಂದ ತೊಡಿಸಿ ಕಾಲಿನ ಬ್ಯಾಗಿಗೆ ಜೋಡಿಸುತ್ತಾರೆ. ನೋಡಲು ಎಲ್ಲಕ್ಕಿಂತ ಸರಳ. ಆದರೆ ಒಳಗಿನ ಒತ್ತಡ ಕಡಿಮೆ ಇದೆ, ಮೂತ್ರ ಉಳಿಯುತ್ತಿಲ್ಲ ಎಂದು ಪರೀಕ್ಷೆಯಲ್ಲಿ ಕಂಡ ಮೇಲೆಯೇ ಇದನ್ನು ನೆಚ್ಚಬೇಕು. ಜಾರದಿರಲೆಂದು ಸುತ್ತಲೂ ದಾರ ಕಟ್ಟುವುದು, ಪ್ಲಾಸ್ಟರ್ ಸುತ್ತಿಬಿಡುವುದು ಬೇಡವೇ ಬೇಡ. ರಕ್ತಸಂಚಾರ ನಿಂತು ಚರ್ಮ ಕೊಳೆಯುತ್ತದೆ. ಸರಿಯಾದ ಅಳತೆಯದನ್ನು ತಂದು, ದಿನಕ್ಕೊಮ್ಮೆ ಬಿಚ್ಚಿ ತೊಳೆದು ಒಣಗಿಸಿ, ಕೆಂಪಾಗಿದೆಯೇ ನೋಡಿ.

ಕೆಳಹೊಟ್ಟೆ ಒತ್ತಿ ಅಥವಾ ಮುಕ್ಕಿ ಮೂತ್ರ ಹೊರಡಿಸುವುದು ಹಳೆಯ ರೂಢಿ. ಬಾಯಿ ಬಿಗಿಯಾಗಿರುವವರಲ್ಲಿ ಇದು ಒತ್ತಡವನ್ನು ನೇರ ಕಿಡ್ನಿಗೆ ಕಳುಹಿಸುತ್ತದೆ, ಹರ್ನಿಯಾ ಮತ್ತು ಮೂಲವ್ಯಾಧಿಗೂ ದಾರಿ. ವೈದ್ಯರು ಒತ್ತಡ ಅಳೆದು ಒಪ್ಪದ ಹೊರತು ಬಿಟ್ಟುಬಿಡಿ. ಇನ್ನು ಕರುಳಿನ ತುಂಡಿನಿಂದ ಮೂತ್ರಕೋಶವನ್ನು ದೊಡ್ಡದು ಮಾಡುವುದು, ಅಪೆಂಡಿಕ್ಸ್‌ನಿಂದ ಹೊಕ್ಕುಳಿಗೆ ದಾರಿ ಮಾಡಿ ಅಲ್ಲಿಂದ ಸಿಐಸಿ ಮಾಡುವುದು ಮುಂತಾದ ಶಸ್ತ್ರಚಿಕಿತ್ಸೆಗಳಿವೆ. ಉಳಿದ ದಾರಿಗಳು ಮುಗಿದ ಮೇಲೆ, ಅನುಭವಿ ತಜ್ಞರಲ್ಲಿ ಕೇಳಬೇಕಾದವು ಅವು.

ಎಲ್ಲ ದಾರಿಯಲ್ಲೂ ಗೊತ್ತಿರಲೇಬೇಕಾದ ತುರ್ತು

ಬೆನ್ನುಮೂಳೆಯ ಎದೆಭಾಗದ ಆರನೇ ಮೂಳೆಯ ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಮೂತ್ರಕೋಶ ಉಬ್ಬಿದರೆ ರಕ್ತದೊತ್ತಡ ಒಮ್ಮೆಗೇ ಏರುತ್ತದೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು, ಮೂಗು ಕಟ್ಟುವುದು ಇದರ ಗುರುತು. ಇಂಥವರ ಮಾಮೂಲಿ ರಕ್ತದೊತ್ತಡವೇ 90ರಿಂದ 110ರ ಸುಮಾರಿಗಿರುತ್ತದೆ, ಆದ್ದರಿಂದ 140 ಕೂಡ ಅವರಿಗೆ ಅಪಾಯದ ಅಂಕಿ. ಕೂಡಲೇ ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬಿಗಿ ಬಟ್ಟೆ, ಬೆಲ್ಟ್ ಸಡಿಲಿಸಿ. ಪೈಪ್ ಮಡಚಿದೆಯೇ, ಬ್ಯಾಗ್ ತುಂಬಿದೆಯೇ ನೋಡಿ. ಪೈಪ್ ಕಟ್ಟಿಕೊಂಡಿದ್ದರೆ ಬದಲಾಯಿಸಬೇಕು, ಪೈಪ್ ಇಲ್ಲದವರಿಗೆ ಜೆಲ್ಲಿ ಹಚ್ಚಿ ಸಿಐಸಿ ಮಾಡಬೇಕು. ಹೊಟ್ಟೆ ಒತ್ತಬೇಡಿ. ಮೂತ್ರ ಇಳಿದರೂ ಕಡಿಮೆಯಾಗದಿದ್ದರೆ ಮಲ ಕಟ್ಟಿರಬಹುದು, ಎಲ್ಲೋ ಗಾಯವಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇದನ್ನು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಈ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಊರಿನ ಕ್ಲಿನಿಕ್ಕಿನಲ್ಲಿ ಇದನ್ನು ಬರೀ ಬಿಪಿ ಎಂದುಕೊಳ್ಳುವ ಸಂಭವವಿದೆ.

ಸೋಂಕಿನ ವಿಷಯದಲ್ಲಿ ಒಂದು ಎಚ್ಚರ. ಕ್ಯಾತಿಟರ್ ಬಳಸುವ ಹೆಚ್ಚಿನವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಕಂಡಿತೆಂದು ಪ್ರತಿ ಸಲವೂ ಆ್ಯಂಟಿಬಯೋಟಿಕ್ ನುಂಗಿದರೆ, ನಿಜವಾಗಿ ಬೇಕಾದ ದಿನ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ. ಜ್ವರ, ಚಳಿ, ಕಾಲಿನ ಸೆಟೆತ ಇದ್ದಕ್ಕಿದ್ದಂತೆ ಹೆಚ್ಚುವುದು, ಹೊಸದಾಗಿ ಸೋರುವುದು, ಮೈಯಲ್ಲಿ ತೀರಾ ಸುಸ್ತು ಇದ್ದರೆ ಚಿಕಿತ್ಸೆ ಬೇಕು. ಮಾದರಿಯನ್ನು ಬ್ಯಾಗಿನಿಂದ ತೆಗೆಯದೆ, ಹೊಸ ಪೈಪ್ ಹಾಕಿದ ಕೂಡಲೇ ಹಿಡಿದು ಕೊಡಬೇಕು.

ಐದನೆಯ ಹೆಜ್ಜೆ: ಕೂತು ತೂಗಿ, ಮೂರು ತಿಂಗಳು ನಡೆಸಿ ನೋಡಿ

ಕೈ ಗಟ್ಟಿಯಿರುವ, ಅಂಗಡಿ ನಡೆಸುವ ಅಥವಾ ಕಚೇರಿಗೆ ಹೋಗುವ ಗಂಡಸಿಗೆ ಸಿಐಸಿ, ದೂರದ ಬಸ್ ಪ್ರಯಾಣದ ದಿನ ಮಾತ್ರ ಕಾಂಡೋಮ್ ಕ್ಯಾತಿಟರ್ ಮತ್ತು ಕಾಲಿನ ಬ್ಯಾಗ್ ಜೊತೆಗೆ. ಕೈ ಚೆನ್ನಾಗಿದ್ದರೂ ವೀಲ್‌ಚೇರಿನಲ್ಲಿ ಕುಳಿತು ಬಟ್ಟೆ ಸರಿಸಲಾಗದ, ಹಗಲು ಒಬ್ಬಳೇ ಇರುವ ಹೆಣ್ಣುಮಗಳು ಮೊದಲು ಬಟ್ಟೆ ಬದಲಿಸಿ, ಮುಂದೆ ತೆರೆಯುವ ನೈಟಿಯೋ ಸುತ್ತಿ ಕಟ್ಟುವ ಲಂಗವೋ ತೊಟ್ಟು ಸಿಐಸಿ ಪ್ರಯತ್ನಿಸಲಿ; ಆಗದಿದ್ದರೆ ಕೆಳಹೊಟ್ಟೆಯ ಪೈಪ್. ಕುತ್ತಿಗೆಗೆ ಪೆಟ್ಟಾಗಿ ಬೆರಳು ಮಡಚದವರಿಗೂ ಬಾಗಿಲು ಮುಚ್ಚಿಲ್ಲ. ಮಣಿಕಟ್ಟನ್ನು ಮೇಲೆತ್ತಬಲ್ಲವರಲ್ಲಿ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ. ಆ ಹಿಡಿತದಿಂದಲೇ ನಳಿಕೆ ಹಿಡಿಯಲು ಕಲಿತವರಿದ್ದಾರೆ, ಆಕ್ಯುಪೇಶನಲ್ ಥೆರಪಿಸ್ಟ್ ಅದಕ್ಕೆ ಸಹಾಯ ಮಾಡುತ್ತಾರೆ. ಕೈ ಪೂರ್ತಿ ಆಡದವರಿಗೆ, ನೋಡಿಕೊಳ್ಳುವವರಿಗೂ ವಯಸ್ಸಾಗಿದ್ದರೆ, ಕೆಳಹೊಟ್ಟೆಯ ಪೈಪನ್ನೇ ಗಂಭೀರವಾಗಿ ಯೋಚಿಸಿ. ಡೈಪರನ್ನು ಇದಕ್ಕೆಲ್ಲ ಬದಲಿ ಎಂದುಕೊಳ್ಳಬೇಡಿ. ಸದಾ ಒದ್ದೆಯಿರುವ ಚರ್ಮಕ್ಕೆ ಒತ್ತುಹುಣ್ಣು ಬೇಗ ಬರುತ್ತದೆ, ಒಳಗಿನ ಒತ್ತಡಕ್ಕೆ ಅದು ಏನನ್ನೂ ಮಾಡುವುದಿಲ್ಲ.

ಕಲಿಯಲು ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿ ವಿಭಾಗವಿದೆ. ವೆಲ್ಲೂರಿನ ಸಿಎಂಸಿಯ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಪುನರ್ವಸತಿ ಕೇಂದ್ರ 1966ರಲ್ಲಿ ಆರಂಭವಾದದ್ದು. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಸ್ವತಃ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡು ವೀಲ್‌ಚೇರಿನಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು. ಇಂಥ ಕಡೆ ಕೆಲವು ವಾರ ಉಳಿದು ಕಲಿತು ಬಂದರೆ ಮುಂದಿನ ವರ್ಷಗಳು ಸುಲಭವಾಗುತ್ತವೆ. ಅಂಗವಿಕಲರ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿರದಿದ್ದರೆ ಅದನ್ನೂ ಮಾಡಿಸಿಕೊಳ್ಳಿ.

ಆರಿಸಿಕೊಂಡದ್ದನ್ನು ಮೂರು ತಿಂಗಳು ನಡೆಸಿ. ಎಷ್ಟು ಸಲ ಜ್ವರ ಬಂತು, ಎಷ್ಟು ಸಲ ಒದ್ದೆಯಾಯಿತು, ಮನೆಯಿಂದ ಹೊರಗೆ ಹೋಗಲಾಯಿತೇ, ನೋಡಿಕೊಳ್ಳುವವರಿಗೆ ನಿದ್ದೆ ಸಿಗುತ್ತಿದೆಯೇ ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೊಂದದಿದ್ದರೆ ಬದಲಾಯಿಸಿ. ಕೆಳಹೊಟ್ಟೆಯ ಪೈಪನ್ನು ತೆಗೆಸಿದರೂ ರಂಧ್ರ ಸಾಮಾನ್ಯವಾಗಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಅದೂ ಹಿಂದಿರುಗಲಾಗದ ಹೆಜ್ಜೆಯಲ್ಲ. ವರ್ಷಕ್ಕೊಮ್ಮೆ ಕಿಡ್ನಿಯ ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆ ತಪ್ಪದೆ ಮಾಡಿಸಿ. ಸೋರುವಿಕೆ, ಸೋಂಕು ಹೊಸದಾಗಿ ಹೆಚ್ಚಿದರೆ ಯೂರೋಡೈನಾಮಿಕ್ಸ್ ಮತ್ತೊಮ್ಮೆ. ಹಲವು ವರ್ಷಗಳಿಂದ ಪೈಪ್ ಇಟ್ಟುಕೊಂಡಿರುವವರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಸಂಭವ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಮೂತ್ರದಲ್ಲಿ ರಕ್ತ ಮತ್ತೆ ಮತ್ತೆ ಕಾಣಿಸಿದರೆ ಸೋಂಕೆಂದು ಮಾತ್ರೆ ನುಂಗಿ ಸುಮ್ಮನಾಗದೆ, ದುರ್ಬೀನು ಹಾಕಿ ಒಳಗೆ ನೋಡಿ ಎಂದು ತಜ್ಞರನ್ನು ಕೇಳಿ.